ರೈತನಿಗೆ ಹಣ ಕೊಡದವನು ‘ಸುಸ್ತಿದಾರ’ನಲ್ಲವೇ? ಸುಸ್ತಿ, ಭದ್ರತೆ, ಹೊಣೆ

ಎಲ್ಲರಿಗೂ ನಮಸ್ಕಾರ.

ದೊಡ್ಡಬಳ್ಳಾಪುರದ ಕಡೆಯ ಕೆಲವು ದ್ರಾಕ್ಷಿ ಬೆಳೆಗಾರರೂ ಡೈರಿಗೆ ಹಾಲು ಹಾಕುವವರೂ ಸೇರಿ ಒಂದು ಚಿಕ್ಕ ಕೈಪಿಡಿ ಮಾಡಿಸುತ್ತಿದ್ದಾರೆ. ಮಾಲು ಕೊಂಡವರು ದುಡ್ಡು ಕೊಡದೆ ಹೋದರೆ ರೈತನಿಗೆ ಏನು ರಕ್ಷಣೆ ಇದೆ ಎಂಬುದು ಅದರ ವಿಷಯ. ಇಂಗ್ಲಿಷಿನಲ್ಲಿರುವ ಭಾಗಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಬೆಂಗಳೂರಿನಲ್ಲಿ ಕುಳಿತು ಮೂರು ವಾರದಿಂದ ಎರಡು ಪದಗಳ ಹತ್ತಿರವೇ ನಿಂತುಬಿಟ್ಟಿದ್ದೇನೆ.

ಮೊದಲು ಸಂದರ್ಭ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 2002ರಿಂದ ಒಂದು ಕಾನೂನಿದೆ. ರೈತರಿಂದ ಧಾನ್ಯ, ಹಾಲು, ಸಂಸ್ಕರಣೆಯ ತರಕಾರಿ ಕೊಳ್ಳುವವರು ಸಾಮಾನ್ಯವಾಗಿ ಪರವಾನಗಿ ಪಡೆಯಬೇಕು, ತಮ್ಮ ಹಣಕಾಸಿನ ಸ್ಥಿತಿಯನ್ನು ಸರ್ಕಾರದ ಮುಂದೆ ಇಡಬೇಕು, ಒಂದು ನಿಧಿಗೆ ವಂತಿಗೆ ಕಟ್ಟಬೇಕು. ಕೊಂಡವನು ಕೈ ಎತ್ತಿದರೆ ರೈತ ಕಾನೂನು ಹೇಳಿದಷ್ಟು ಪಾಲನ್ನು ಆ ನಿಧಿಯಿಂದ ಕೇಳಿ ಪಡೆಯುತ್ತಾನೆ. ಈ ಏರ್ಪಾಟಿಗೆ ಅಲ್ಲಿನ ಹೆಸರು ‘ಪ್ರೊಡ್ಯೂಸರ್ ಸೆಕ್ಯುರಿಟಿ’. ಕೊಳ್ಳುವವನು ಹಣ ಕೊಡದಿರುವುದಕ್ಕೆ ‘ಡಿಫಾಲ್ಟ್’.

ಡಿಫಾಲ್ಟಿಗೆ ನಮ್ಮಲ್ಲಿ ಸಿದ್ಧಪದವಿದೆ: ಸುಸ್ತಿ. ಸುಸ್ತಿ ಸಾಲ, ಸುಸ್ತಿ ಬಡ್ಡಿ, ಸುಸ್ತಿದಾರ. ಪರ್ಷಿಯನ್ ಮೂಲದ ಪದ; ಸಡಿಲ, ನಿಧಾನ, ಜಡತನ ಅದರ ಅರ್ಥ. ನಾವು ದಣಿವಿಗೆ ಹೇಳುವ ‘ಸುಸ್ತು’ ಕೂಡ ಅದೇ ಬೇರಿನದು. ಆದರೆ ನಾನು ಓದಿದ ಕಾಗದಪತ್ರಗಳಲ್ಲೆಲ್ಲ ಸುಸ್ತಿದಾರ ಎಂದರೆ ಬ್ಯಾಂಕಿಗೋ ಸಹಕಾರ ಸಂಘಕ್ಕೋ ಸಾಲ ತೀರಿಸದವನು. ದೊಡ್ಡ ಉದ್ಯಮಿಗಳನ್ನು ‘ಉದ್ದೇಶಪೂರ್ವಕ ಸುಸ್ತಿದಾರರು’ ಎಂದು ಪತ್ರಿಕೆಗಳು ಬರೆಯುತ್ತವೆ, ನಿಜ. ಅಲ್ಲಿಯೂ ಹಣ ಬರಬೇಕಾಗಿರುವುದು ಬ್ಯಾಂಕಿಗೇ. ರೈತನಿಗೆ ಕೊಡಬೇಕಾದ ಹಣವನ್ನು ಕೊಡದವನಿಗೆ ಈ ಪದ ಅಂಟಿದ್ದನ್ನು ನಾನು ಕಂಡಿಲ್ಲ. ಸಕ್ಕರೆ ಕಾರ್ಖಾನೆಯ ಸುದ್ದಿಯನ್ನೇ ನೋಡಿ. ಕಾರ್ಖಾನೆ ‘ಬಾಕಿ ಉಳಿಸಿಕೊಂಡಿದೆ’ ಎಂದು ಬರೆಯುತ್ತಾರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಇಷ್ಟು ಖಚಿತವಾದ ಗಡುವು ಮೀರಿದವರಿಗೂ ‘ಬಾಕಿ’ ಎಂಬ ಮೆತ್ತನೆಯ ಪದ. ಅದೇ ಕಬ್ಬಿನ ದುಡ್ಡು ಬರದೆ ಸಾಲದ ಕಂತು ಕಟ್ಟಲಾಗದ ರೈತನಿಗೆ ಮಾತ್ರ ಸುಸ್ತಿದಾರನೆಂಬ ಹೆಸರು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಎರಡು ಎಕರೆಯ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಹೊರಗಿನ ವ್ಯಾಪಾರಿಯೊಬ್ಬರು ತೋಟದಲ್ಲೇ ತೂಕ ಹಾಕಿಸಿ ಲಾರಿಗೆ ತುಂಬಿಸಿಕೊಂಡು ಹೋದರು. ಮುಂಗಡ ಒಂದಿಷ್ಟು ಕೊಟ್ಟರು. ಉಳಿದದ್ದಕ್ಕೆ ಒಂದು ಬಿಳಿ ಚೀಟಿ: ಮೇಲೆ ಕ್ರೇಟುಗಳ ಎಣಿಕೆ, ಕೆಳಗೆ ಕಿಲೋ ಲೆಕ್ಕ, ಒಂದು ಮೊಬೈಲ್ ಸಂಖ್ಯೆ, ಮೂಲೆಯಲ್ಲಿ ‘ಬಾಕಿ ಸೋಮವಾರ’ ಎಂಬ ಎರಡು ಪದ. ಯಾವ ಸೋಮವಾರ ಎಂದು ಬರೆದಿರಲಿಲ್ಲ. ಅಪ್ಪ ಆ ಚೀಟಿಯನ್ನು ಪಂಚಾಂಗದೊಳಗೆ ಮಡಿಸಿಟ್ಟರು. ವರ್ಷ ಬದಲಾದಾಗ ಹಳೆಯ ಪಂಚಾಂಗದಿಂದ ತೆಗೆದು ಹೊಸದರೊಳಗೆ ಇಡುತ್ತಿದ್ದರು. ಅದೇ ವರ್ಷ ಸಾಲದ ನೋಟಿಸು ಬಂತು. ಅಚ್ಚಾದ ನಮೂನೆಯಲ್ಲಿ ‘ಸುಸ್ತಿದಾರರ ಹೆಸರು’ ಎಂಬಲ್ಲಿ ನೀಲಿ ಶಾಯಿಯಲ್ಲಿ ಅಪ್ಪನ ಹೆಸರಿತ್ತು. ಓದಿ ಹೇಳಿದೆ. ‘ನನಗೆ ಸುಸ್ತಾಗಿದೆ ಎಂದು ಇವರಿಗೆ ಯಾರು ಹೇಳಿದರು?’ ಎಂದು ಕೇಳಿದರು. ಅವರು ನಿಜವಾಗಿಯೂ ಹಾಗೆಯೇ ಅರ್ಥ ಮಾಡಿಕೊಂಡಿದ್ದರು. ಬೆಳೆ ವಿಮೆ ಇದಕ್ಕೆ ಆಗಿಬರುವುದಿಲ್ಲವೇ ಎಂದೂ ಕೇಳಿದರು. ಆಗಿಬರುವುದಿಲ್ಲ, ಅದು ಮಳೆ, ಬರ, ರೋಗಗಳಿಂದಾಗುವ ನಷ್ಟಕ್ಕೆ. ಹಾಗಾಗಿ ಕೈಪಿಡಿಯಲ್ಲಿ ಎಲ್ಲಿಯೂ ‘ವಿಮೆ’ ಎಂಬ ಪದ ನುಸುಳದಂತೆ ನೋಡಿಕೊಂಡಿದ್ದೇನೆ.

ಆದ್ದರಿಂದ ಮೊದಲ ಪ್ರಶ್ನೆ: ರೈತನಿಗೆ ಹಣ ಕೊಡದ ಖರೀದಿದಾರನನ್ನು ‘ಸುಸ್ತಿದಾರ’ ಎಂದೇ ಬರೆದರೆ ತಪ್ಪಾಗುತ್ತದೆಯೇ? ‘ವಾಯಿದೆ ತಪ್ಪಿದವನು’ ಎನ್ನಬಹುದು ಎಂದು ಸ್ನೇಹಿತರೊಬ್ಬರು ಸೂಚಿಸಿದರು. ವಾಯಿದೆಯ ಮೂಲದಲ್ಲಿ ಕೊಟ್ಟ ಮಾತು ಎಂಬ ಅರ್ಥವಿರುವುದರಿಂದ ಅದೂ ಒಳ್ಳೆಯ ಪದವೇ. ಆದರೂ ನನ್ನ ಮನಸ್ಸು ಸುಸ್ತಿದಾರನ ಕಡೆಗಿದೆ. ಕಾನೂನಿನ ತೂಕವಿರುವ ಪದ ಅದು. ಇಷ್ಟು ವರ್ಷ ಒಂದೇ ಕಡೆ ಬಿದ್ದ ತೂಕ ಇನ್ನೊಂದು ಕಡೆಗೂ ಬೀಳಲಿ.

ಎರಡನೆಯದು ‘ಸೆಕ್ಯುರಿಟಿ’. ‘ಉತ್ಪಾದಕರ ಭದ್ರತೆ’ ಎಂದು ಬರೆದು ಕರಡನ್ನು ಹಾಲು ಉತ್ಪಾದಕರ ಸಂಘದಲ್ಲಿ ಓದಿದೆ. ಒಬ್ಬ ಹೆಂಗಸು, ‘ಪೊಲೀಸರು ಬರುತ್ತಾರೆಯೇ?’ ಎಂದರು. ಪತ್ರಿಕೆ, ಟಿವಿಗಳಲ್ಲಿ ಬಿಗಿ ಭದ್ರತೆಯನ್ನೇ ಕೇಳಿದ ಕಿವಿಗೆ ಹಾಗನ್ನಿಸುವುದು ಸಹಜ. ‘ಜಾಮೀನು’ ಈಗ ನ್ಯಾಯಾಲಯದ ಪಾಲಾಗಿದೆ. ಜಾಮೀನು ಸಿಕ್ಕಿತು ಎಂದರೆ ಜೈಲಿನಿಂದ ಬಿಡುಗಡೆ. ‘ಖಾತರಿ’ ಜಾಹೀರಾತುಗಳಲ್ಲಿ ಸವೆದುಹೋಗಿದೆ.

ಪದ ಸಿಕ್ಕಿದ್ದು ಯಶವಂತಪುರದ ಕೃಷಿ ಮಾರುಕಟ್ಟೆಯ ಯಾರ್ಡಿನಲ್ಲಿ. ಚಿತ್ರದುರ್ಗದ ಕಡೆಯಿಂದ ಈರುಳ್ಳಿ ತಂದಿದ್ದ ಹಿರಿಯರೊಬ್ಬರು ಮೂಟೆಗಳ ಪಕ್ಕದಲ್ಲಿ ಕುಳಿತಿದ್ದರು. ‘ಯಜಮಾನರೇ, ಕೊಂಡವರು ದುಡ್ಡು ಕೊಡದಿದ್ದರೆ ಏನು ಮಾಡುತ್ತೀರಿ?’ ಎಂದು ಕೇಳಿದೆ. ‘ಕೊಂಡವರ ಮುಖ ನಾನೇಕೆ ನೋಡಲಿ? ದಲ್ಲಾಳಿ ಹೊಣೆ’ ಎಂದರು. ಆಮೇಲೆ ಜೇಬಿನಿಂದ ಹಿಂದಿನ ಸಲದ ಲೆಕ್ಕ ತೆಗೆದು ತೋರಿಸಿದರು. ಅದರ ಮೇಲೆ ಕ್ರಮಸಂಖ್ಯೆ ಇರಲಿಲ್ಲ, ಮೊಹರು ಇರಲಿಲ್ಲ, ಅಂಗಡಿಯ ಹೆಸರೂ ಇರಲಿಲ್ಲ. ಅಪ್ಪನ ಚೀಟಿ ನೆನಪಾಗಿ ನನಗೆ ಮಾತು ಹೊರಡಲಿಲ್ಲ. ‘ಬಿಳಿ ಚೀಟಿ ತೆಗೆದುಕೊಳ್ಳಬೇಡಿ’ ಎಂಬ ಸಾಲು ಕೈಪಿಡಿಯ ಮೊದಲ ಪುಟಕ್ಕೆ ಬಂದದ್ದು ಅಂದೇ.

ಹೊಣೆ ಹಳೆಯ ಪದ. ಹಳಗನ್ನಡದ ಪೊಣೆಗೆ ಜಾಮೀನು ಎಂಬುದೇ ನೇರ ಅರ್ಥ. ತಮಿಳಿನ ‘ಪುಣೈ’ಗೆ ಜಾಮೀನು ಎಂಬ ಅರ್ಥದ ಜೊತೆಗೆ ತೆಪ್ಪ ಎಂಬ ಅರ್ಥವೂ ಇದೆ. ದಾಟಿಸುವಂಥದ್ದು, ಮುಳುಗದಂತೆ ಹಿಡಿಯುವಂಥದ್ದು. ನಮಗೆ ಬೇಕಾದದ್ದು ಇದೇ ಅಲ್ಲವೇ? ಆದರೆ ಇಂದಿನ ಬರಹದಲ್ಲಿ ಹೊಣೆ ಜವಾಬ್ದಾರಿಯ ಕಡೆಗೂ ತಪ್ಪಿನ ಕಡೆಗೂ ವಾಲಿದೆ: ‘ಅಪಘಾತಕ್ಕೆ ಚಾಲಕನೇ ಹೊಣೆ’, ‘ನಿಮ್ಮ ವಸ್ತುಗಳಿಗೆ ನೀವೇ ಹೊಣೆ’. ‘ಹೊಣೆನಿಧಿ’ ಎಂದರೆ ಓದುಗರಿಗೆ ‘ರೈತನ ಪರವಾಗಿ ಹೊಣೆ ನಿಲ್ಲುವ ನಿಧಿ’ ಎಂದು ಹೊಳೆಯುತ್ತದೆಯೇ? ಕನ್ನಡ, ಸಂಸ್ಕೃತ ಪದಗಳನ್ನು ಬೆರೆಸಿದ ಅರಿಸಮಾಸವೆಂದು ಆಕ್ಷೇಪಿಸುವವರಿಗಾಗಿ ‘ಹೊಣೆಯ ಇಡುಗಂಟು’ ಎಂಬುದನ್ನೂ ಬರೆದಿಟ್ಟುಕೊಂಡಿದ್ದೇನೆ. ಇಡುಗಂಟು ಎಂದರೆ ಕೂಡಿಟ್ಟ ಹಣ; ನಮ್ಮ ಹೆಂಗಸರ ಸಂಘಗಳಲ್ಲಿ ಎಲ್ಲರಿಗೂ ಗೊತ್ತಿರುವ ಪದ.

ಇನ್ನೊಂದು ಸಣ್ಣ ಮಾತು. ಹಾಲಿನ ಹಣಕ್ಕೆ ‘ಪಾವತಿ’ ಎಂದು ಬರೆದದ್ದನ್ನು ಅಮ್ಮ ತಿದ್ದಿಸಿದರು. ಅವರಿಗೆ ಪಾವತಿ ಎಂದರೆ ಕಂದಾಯ ಕಟ್ಟಿದ ರಸೀದಿ. ಹಾಲಿನ ದುಡ್ಡು ಕೈಗೆ ಬರುವುದು ‘ಬಟವಾಡೆ’. ಅದನ್ನೇ ಇಟ್ಟುಕೊಂಡಿದ್ದೇನೆ.

ಮಂಡ್ಯ, ಬೆಳಗಾವಿಯ ಕಬ್ಬಿನ ಸೀಮೆಯವರು, ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಬಲ್ಲವರು ದಯವಿಟ್ಟು ತಿಳಿಸಿ: ಮಾಲು ಕೊಂಡು ಹಣ ಕೊಡದೆ ಹೋದವನಿಗೆ ನಿಮ್ಮ ಕಡೆ ಏನನ್ನುತ್ತಾರೆ? ‘ನಾಮ ಹಾಕಿದ’, ‘ಮುಳುಗಿಸಿದ’ ಎಂಬವು ಎಲ್ಲ ಕಡೆ ಇವೆ. ನನಗೆ ಬೇಕಾಗಿರುವುದು ಅರ್ಜಿಯಲ್ಲಿ ಬರೆಯಬಹುದಾದ, ಅಧಿಕಾರಿ ಓದಿದಾಗ ತಳ್ಳಿಹಾಕಲಾಗದಂಥ ಪದ. ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.