ಕ್ಯಾನಿನಲ್ಲಿರುವ ಮೂತ್ರ ಯಾವ ಪ್ರಾಣಿಯದು? ಲ್ಯಾಬ್‌ನಲ್ಲಿ ಗೊತ್ತಾಗುತ್ತದಾ?

ಪ್ರಶ್ನೆ: ನಮಸ್ಕಾರ ಮೇಡಂ. ಹಸುವಿನ ಮೂತ್ರ ಎಂದು ಲೇಬಲ್ ಹಚ್ಚಿದ ಒಂದು ಕ್ಯಾನ್ ನಮಗೆ ಬಂದಿದೆ. ಎಮ್ಮೆಯದನ್ನೂ ಬೆರೆಸಿದ್ದಾರೆ ಅಂತ ಅನುಮಾನ. ನೋಡಿದರೆ, ಮೂಸಿದರೆ ಏನೂ ಗೊತ್ತಾಗುವುದಿಲ್ಲ. ಮಾಮೂಲಿ ಯೂರಿನ್ ಟೆಸ್ಟ್ ಮಾಡಿಸಿದರೆ ಸಾಕಾ?

ಉತ್ತರ: ಸಾಲದು. ದೇಹ ಮೂತ್ರದಲ್ಲಿ ಹೊರಹಾಕುವ ಯೂರಿಯಾ, ಕ್ರಿಯಾಟಿನಿನ್ ಎರಡೂ ಸಿಕ್ಕರೆ ಅದು ಬಣ್ಣದ ನೀರಲ್ಲ, ಮೂತ್ರವೇ ಇರಬೇಕು ಅನ್ನಬಹುದು. ಅಷ್ಟೇ. ಪ್ರಾಣಿಯ ಬಗ್ಗೆ ಕೆಲವು ಸುಳಿವುಗಳು ಸಿಗುತ್ತವೆ, ನಿಜ. ಹುಲ್ಲು ಮೇಯುವ ಪ್ರಾಣಿಗಳಲ್ಲಿ ಹಿಪ್ಯುರಿಕ್ ಆಮ್ಲ ಜಾಸ್ತಿ. ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಎಂಬ ವಸ್ತು ಇರುತ್ತದೆ. ಆದರೆ ಹಸು, ಎಮ್ಮೆ ಎರಡೂ ಮೇಯುವುದು ಹುಲ್ಲನ್ನೇ, ಮೆಲುಕು ಹಾಕುವುದೂ ಒಂದೇ ರೀತಿ. ಈ ಸುಳಿವುಗಳಿಂದ ಅವೆರಡನ್ನು ಬೇರೆ ಮಾಡಲಾಗದು. ಪಿಎಚ್ (ಆಮ್ಲ-ಕ್ಷಾರದ ಅಳತೆ) ಅಂತೂ ನಂಬಲೇಬೇಡಿ. ಮೂತ್ರ ಹಳೆಯದಾದರೆ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಪಿಎಚ್ ತಾನಾಗಿಯೇ ಏರುತ್ತದೆ.

ನಿಮಗೆ ಬೇಕಿರುವುದು ಡಿಎನ್‌ಎ ಟೆಸ್ಟ್.

ಪ್ರಶ್ನೆ: ಮೂತ್ರದಲ್ಲಿ ಡಿಎನ್‌ಎ ಇರುತ್ತದಾ? ರಕ್ತದಲ್ಲಿ, ಕೂದಲ ಬುಡದಲ್ಲಿ ಮಾತ್ರ ಅಂದುಕೊಂಡಿದ್ದೆ.

ಉತ್ತರ: ಇರುತ್ತದೆ, ಆದರೆ ಕಡಿಮೆ. ಮೂತ್ರಕೋಶ ಮತ್ತು ಮೂತ್ರನಾಳದ ಒಳಪದರದಿಂದ ಜೀವಕೋಶಗಳು ಉದುರುತ್ತಲೇ ಇರುತ್ತವೆ. ಸ್ಯಾಂಪಲ್ಲನ್ನು ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿದರೆ ಅವು ತಳಕ್ಕೆ ಕೂರುತ್ತವೆ. ಮೇಲಿನ ನೀರು ಚೆಲ್ಲಿ, ಆ ಚಿಟಿಕೆ ಗಸಿಯಿಂದ ಡಿಎನ್‌ಎ ತೆಗೆಯುತ್ತೇವೆ. ಹಾಗಾಗಿ ಹತ್ತು ಹನಿ ತಂದು ಕೊಟ್ಟರೆ ನಮಗೆ ಕಷ್ಟ, 50 ಮಿಲಿ ಇದ್ದರೆ ನೆಮ್ಮದಿ.

ಆಮೇಲೆ ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಪುಟ್ಟ ಭಾಗ) ಒಂದು ಜೀನ್, ಉದಾಹರಣೆಗೆ ಸೈಟೊಕ್ರೋಮ್ ಬಿ, ಆರಿಸಿ ಪಿಸಿಆರ್ ಮಾಡುತ್ತೇವೆ, ಅಂದರೆ ಆ ತುಣುಕಿನ ಲೆಕ್ಕವಿಲ್ಲದಷ್ಟು ಪ್ರತಿ ತೆಗೆಯುತ್ತೇವೆ. ಮೈಟೊಕಾಂಡ್ರಿಯವೇ ಯಾಕೆ? ಒಂದು ಜೀವಕೋಶದಲ್ಲಿ ಕೋಶಕೇಂದ್ರದ ಜೀನ್‌ಗೆ ಸಾಮಾನ್ಯವಾಗಿ ಎರಡೇ ಪ್ರತಿ. ಮೈಟೊಕಾಂಡ್ರಿಯದ್ದಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು. ಅರ್ಧ ಕೊಳೆತ ಸ್ಯಾಂಪಲ್‌ನಲ್ಲೂ ಯಾವುದೋ ಒಂದು ಉಳಿದಿರುತ್ತದೆ. ಅದರಲ್ಲಿ ಸಿಕ್ಕ ಅಕ್ಷರಸಾಲನ್ನು (ಡಿಎನ್‌ಎಯ A, T, G, C ಬರುವ ಕ್ರಮ) ಜೆನ್‌ಬ್ಯಾಂಕ್‌ನಂಥ ಡೇಟಾಬೇಸ್‌ನಲ್ಲಿ ಹೋಲಿಸಿ ನೋಡಿದರೆ ಹಸು, ಎಮ್ಮೆ ಸಲೀಸಾಗಿ ಬೇರೆಯಾಗುತ್ತವೆ.

ಇಲ್ಲಿ ಒಂದು ಮಾತು. "ಹಸುವಿನದು ಇದೆಯಾ" ಎನ್ನುವುದು ಒಂದು ಪ್ರಶ್ನೆ. "ಹಸುವಿನದು ಮಾತ್ರ ಇದೆಯಾ" ಎನ್ನುವುದು ಬೇರೆಯೇ ಪ್ರಶ್ನೆ. ಹೆಚ್ಚಿನವರು ಮೊದಲನೆಯದಕ್ಕೆ ಟೆಸ್ಟ್ ಮಾಡಿಸಿ, ಎರಡನೆಯದಕ್ಕೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತಾರೆ. ಒಂದೇ ಅಕ್ಷರಸಾಲು ಓದಿಸುವ ಟೆಸ್ಟ್‌ನಲ್ಲಿ ಸ್ವಲ್ಪವೇ ಬೆರೆತಿರುವ ಪ್ರಾಣಿ ಕಾಣದೇ ಹೋಗಬಹುದು. ನಿಮ್ಮ ಅನುಮಾನ ಎಮ್ಮೆಯ ಮೇಲೆ ತಾನೇ? ಎಮ್ಮೆಯನ್ನು ಮಾತ್ರ ಹಿಡಿಯುವ ಪ್ರೈಮರ್ (ಪಿಸಿಆರ್ ಎಲ್ಲಿಂದ ಶುರುವಾಗಬೇಕೋ ಅಲ್ಲಿ ಅಂಟಿಕೊಳ್ಳುವ ಪುಟ್ಟ ಡಿಎನ್‌ಎ ತುಣುಕು) ಹಾಕಿ ಎಂದು ಲ್ಯಾಬ್‌ಗೆ ಮೊದಲೇ ಹೇಳಿ.

ಪ್ರಶ್ನೆ: ಎಷ್ಟು ಪಾಲು ಬೆರೆಸಿದ್ದಾರೆ ಎಂದೂ ಬರುತ್ತದಾ?

ಉತ್ತರ: ಅದನ್ನು ನಾನು ಬರೆದು ಕೊಡುವುದಿಲ್ಲ. ನಾವು ಅಳೆಯುವುದು ಡಿಎನ್‌ಎ, ಮೂತ್ರವನ್ನಲ್ಲ. ಮೂತ್ರಕೋಶದಲ್ಲಿ ಸೋಂಕು ಇರುವ ಒಂದು ಹಸುವಿನ ಲೋಟ ಮೂತ್ರದಲ್ಲಿ, ಆರೋಗ್ಯವಾಗಿರುವ ಎಮ್ಮೆಯ ಬಕೆಟ್ ಮೂತ್ರಕ್ಕಿಂತ ಜಾಸ್ತಿ ಜೀವಕೋಶ ಇರಬಹುದು. ಅಷ್ಟು ಪರ್ಸೆಂಟ್ ಇಷ್ಟು ಪರ್ಸೆಂಟ್ ಅಂತ ಯಾರಾದರೂ ಧೈರ್ಯವಾಗಿ ಬರೆದು ಕೊಟ್ಟರೆ, ಹೇಗೆ ಲೆಕ್ಕ ಹಾಕಿದಿರಿ ಎಂದು ಕೇಳಿ ನೋಡಿ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ ಮೇಡಂ. ನಾವು ಕಳಿಸಿದ ಸ್ಯಾಂಪಲ್‌ಗೆ "ಮನುಷ್ಯರ ಡಿಎನ್‌ಎ" ಅಂತ ರಿಪೋರ್ಟ್ ಬಂದಿತ್ತು! ಮನೆಯವರೆಲ್ಲ ನಕ್ಕರು.

ಉತ್ತರ: ನಗುವಂಥದ್ದೇ, ಆದರೆ ಅಪರೂಪವಲ್ಲ. ಹಿಡಿದವರ ಕೈ, ಕೆಮ್ಮು ಸಾಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನದೇ ಡಿಎನ್‌ಎಯನ್ನು ಎರಡು ದಿನ "ಪತ್ತೆ" ಮಾಡಿದ್ದೆ. ಅದಕ್ಕೇ ಪ್ರತಿ ಸಲವೂ ಸ್ಯಾಂಪಲ್ ಇಲ್ಲದ ಒಂದು ಖಾಲಿ ಟ್ಯೂಬನ್ನೂ ಜೊತೆಗೆ ಓಡಿಸುತ್ತೇವೆ. ಅದರಲ್ಲೂ ಏನಾದರೂ ಕಂಡರೆ ಆ ದಿನದ ಕೆಲಸ ಕಸದ ಬುಟ್ಟಿಗೆ.

ಗ್ಲೌಸ್ ಹಾಕಿ. ನೆಲದಿಂದ ಬಾಚಬೇಡಿ, ಸಗಣಿಯಲ್ಲೂ ಜೀವಕೋಶ ಇರುತ್ತದೆ, ಪಕ್ಕದ ಪ್ರಾಣಿಯದೂ ಸೇರುತ್ತದೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ತಕ್ಷಣ ತಣ್ಣಗಿಡಿ. ತಡವಾಗುವುದಾದರೆ ಫ್ರೀಜ್ ಮಾಡಿ, ಆದರೆ ಕರಗಿಸಿ ಮತ್ತೆ ಫ್ರೀಜ್ ಮಾಡುವುದು ಬೇಡ. ಡಿಎನ್‌ಎ ಕೆಡದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕುವುದಾದರೆ ಎಷ್ಟು ಎಂದು ಲ್ಯಾಬ್‌ನವರನ್ನೇ ಕೇಳಿ. ಡಿಎನ್‌ಎ ಕತ್ತರಿಸುವ ಕಿಣ್ವಗಳಿಗೆ ಬೇಕಾದ ಮೆಗ್ನೀಷಿಯಮ್ಮನ್ನು ಅದು ಹಿಡಿದಿಡುತ್ತದೆ. ಪಿಸಿಆರ್‌ಗೂ ಅದೇ ಮೆಗ್ನೀಷಿಯಮ್ ಬೇಕು, ಜಾಸ್ತಿಯಾದರೆ ನಮ್ಮ ಕೆಲಸವೂ ನಿಲ್ಲುತ್ತದೆ.

ಇನ್ನೊಬ್ಬರ ಪ್ರಶ್ನೆ: ಹೇಸರಗತ್ತೆಯದಾದರೆ?

ಉತ್ತರ: ಕುದುರೆ ಅಂತ ಬರುತ್ತದೆ. ಮೈಟೊಕಾಂಡ್ರಿಯ ತಾಯಿಯಿಂದ ಬರುವುದು, ಹೇಸರಗತ್ತೆಯ ತಾಯಿ ಕುದುರೆ ಅಲ್ವಾ. ಬೆರಕೆ ತಳಿ ಹಿಡಿಯಲು ಕೋಶಕೇಂದ್ರದ ಜೀನ್‌ಗಳನ್ನೂ ನೋಡಬೇಕು.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಈಗ ಲೇಬಲ್ ಸರಿಯಾಗಿ ನೋಡಿದೆ. ಬಟ್ಟಿ ಇಳಿಸಿದ್ದು ಎಂದು ಸಣ್ಣಕ್ಷರದಲ್ಲಿ ಬರೆದಿದೆ. ತೊಂದರೆ ಇಲ್ಲವಲ್ಲ?

ಉತ್ತರ: ತೊಂದರೆ ಇದೆ! ಆವಿಯಾಗಿ ಮೇಲೆ ಹೋಗಿ ತಣಿದು ಬಂದದ್ದು ನೀರು, ಜೊತೆಗೆ ಸ್ವಲ್ಪ ಅಮೋನಿಯಾದಂಥವು. ಜೀವಕೋಶ, ಡಿಎನ್‌ಎ, ಪ್ರೋಟೀನು, ಕ್ರಿಯಾಟಿನಿನ್ ಎಲ್ಲ ಪಾತ್ರೆಯ ತಳದಲ್ಲೇ ಉಳಿದಿರುತ್ತವೆ. ಅದನ್ನು ಕಳಿಸಬೇಡಿ, ಸುಮ್ನೆ ದುಡ್ಡು ದಂಡ. ಬಟ್ಟಿ ಇಳಿಸುವ ಮೊದಲಿನ ಮೂತ್ರ ಸಿಗುತ್ತದಾ ಕೇಳಿ, ಸಿಕ್ಕರೆ ಅದನ್ನು ಕಳಿಸಿ.