ಮಗನ ಫುಟ್‌ಬಾಲ್ ಫಾರಂಗೆ ಸಹಿ ಹಾಕಬೇಕಾ? ಶುಕ್ರವಾರ ಕೊನೆ ದಿನ

ಹಾಸನ, ಈಗ ಫಿಲಡೆಲ್ಫಿಯಾ ಹತ್ತಿರ:

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಾವು ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಮಗ ಎಂಟನೇ ಕ್ಲಾಸು, ಮುಂದಿನ ವರ್ಷ ಹೈಸ್ಕೂಲು. ಅಲ್ಲಿನ ಫುಟ್‌ಬಾಲ್ ಟೀಮಿಗೆ ಸೇರಲೇಬೇಕು ಅಂತ ಹಟ ಹಿಡಿದಿದ್ದಾನೆ. ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಫುಟ್‌ಬಾಲ್. ಫಾರಂ ತಂದು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಾನೆ. ನಾನು ಸಹಿ ಹಾಕಬೇಕಾದ ಜಾಗಕ್ಕೆ ಹಳದಿ ಬಣ್ಣ ಬಳಿದಿದ್ದಾನೆ. ಅವನ ಅಮ್ಮ ಹಾಲು ತೆಗೆಯಲು ಹೋದಾಗೆಲ್ಲ ಅದನ್ನು ನೋಡಿ ಮುಖ ತಿರುಗಿಸುತ್ತಾಳೆ.

ಇನ್ನೊಂದು ವಿಷಯ. ಅವನು ಕ್ಲಾಸಿನಲ್ಲಿ ಐದು ನಿಮಿಷ ಮಾತಾಡಬೇಕಂತೆ. ‘ಚಾಂಪಿಯನ್‌ಶಿಪ್ ಗೆಲ್ಲಿಸುವುದು ಅಫೆನ್ಸಾ, ಡಿಫೆನ್ಸಾ’ ಅನ್ನುವುದು ಅವನೇ ಆರಿಸಿಕೊಂಡ ವಿಷಯ. ಅಂದರೆ ಪಾಯಿಂಟ್ ಹೊಡೆಯುವವರಾ, ತಡೆಯುವವರಾ ಅಂತ. ಮೊನ್ನೆ ರಾತ್ರಿ ಬಂದು ‘ಅಪ್ಪಾ, ನಿಮಗೇನು ಅನ್ಸುತ್ತೆ?’ ಅಂತ ಕೇಳಿದ. ನನಗೆ ಆ ಆಟದ ತಲೆಬುಡ ಗೊತ್ತಿಲ್ಲ. ‘ಎರಡೂ ಬೇಕು ಕಣೋ’ ಅಂದೆ. ‘ಬಿಡಿ, ನಿಮಗೆ ಗೊತ್ತಾಗಲ್ಲ’ ಅಂದು ರೂಮಿಗೆ ಹೋದ. ಬಾಗಿಲು ದಡಾರನೆ ಹಾಕಿಕೊಂಡಿದ್ದರೆ ಬೈಯಬಹುದಿತ್ತು. ಮೆತ್ತಗೆ ಹಾಕಿಕೊಂಡ. ಅದೇ ಜಾಸ್ತಿ ನೋವಾಯಿತು.

ಎರಡು ಪ್ರಶ್ನೆ. ಸಹಿ ಹಾಕಲಾ ಬೇಡವಾ? ಮತ್ತೆ, ಈ ಆಟದಲ್ಲಿ ನಿಜವಾಗಿ ಗೆಲ್ಲಿಸುವುದು ಯಾವುದು? ನನಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳುತ್ತೀರಾ?

ಮೈಸೂರು, ಈಗ ನ್ಯೂಜೆರ್ಸಿ:

ಸಹಿ ಹಾಕಬೇಡಿ. ದಯವಿಟ್ಟು. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. 2017ರಲ್ಲಿ ಬಾಸ್ಟನ್ ಯೂನಿವರ್ಸಿಟಿಯವರು ಪ್ರಕಟಿಸಿದ್ದು ಓದಿ. ಎನ್‌ಎಫ್‌ಎಲ್, ಅಂದರೆ ಈ ಆಟದ ವೃತ್ತಿಪರ ಲೀಗಿನಲ್ಲಿ ಆಡಿ ತೀರಿಕೊಂಡ 111 ಜನರ ಮಿದುಳು ನೋಡಿದರು, 110ರಲ್ಲಿ ಸಿಟಿಇ ಇತ್ತು, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಮಿದುಳಿನ ಕಾಯಿಲೆ. ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ಕೊಟ್ಟಿದ್ದು, ಹಾಗಾಗಿ ಎಲ್ಲ ಆಟಗಾರರಿಗೂ ಅದೇ ಲೆಕ್ಕ ಹಾಕಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ನನ್ನ ಮಗನಾಗಿದ್ದರೆ ಆ ಫಾರಂ ಫ್ರಿಜ್ಜಿನ ಮೇಲೆ ಒಂದು ದಿನ ಇರುತ್ತಿರಲಿಲ್ಲ.

ದಾವಣಗೆರೆ, ಈಗ ಪಿಟ್ಸ್‌ಬರ್ಗ್:

ಡಿಫೆನ್ಸ್. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ನಾನು 1978ರಲ್ಲಿ ಈ ಊರಿಗೆ ಬಂದವನು. ಆಗ ನಮ್ಮವರು ಅಂದರೆ ಬೆರಳೆಣಿಕೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಮಂಗಳಾರತಿ ಮುಗಿಸಿ, ಪ್ರಸಾದದ ಪುಳಿಯೋಗರೆ ಕಟ್ಟಿಕೊಂಡು, ಒಂದು ಗಂಟೆಗೆ ಸರಿಯಾಗಿ ಟಿವಿ ಮುಂದೆ ಕೂರುತ್ತಿದ್ದೆವು. ನಮ್ಮೂರ ಟೀಮ್ ಸ್ಟೀಲರ್ಸ್! ಆರು ಸೀಸನ್‌ನಲ್ಲಿ ನಾಲ್ಕು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದರು. ಡಿಫೆನ್ಸಿನಲ್ಲಿ ಜೋ ಗ್ರೀನ್, ಜ್ಯಾಕ್ ಲ್ಯಾಂಬರ್ಟ್, ಮೆಲ್ ಬ್ಲೌಂಟ್. ಆ ಗೋಡೆಗೆ ‘ಸ್ಟೀಲ್ ಕರ್ಟನ್’ ಅಂತ ಹೆಸರು. ಉಕ್ಕಿನ ಕಾರ್ಖಾನೆ ಊರಿಗೆ ತಕ್ಕ ಹೆಸರು.

ನಿಮ್ಮ ಮಗನಿಗೆ ಇಷ್ಟು ಹೇಳಿ. 1985ರ ಷಿಕಾಗೊ ಬೇರ್ಸ್ ಫೈನಲ್ಲಿನಲ್ಲಿ 46-10. 2000ದ ಬಾಲ್ಟಿಮೋರ್ ರೇವನ್ಸ್ ನಮ್ಮ ಶತ್ರು, ಆದರೂ ಹೇಳುತ್ತೇನೆ: 16 ಮ್ಯಾಚಿನಲ್ಲಿ ಕೊಟ್ಟಿದ್ದು ಬರೀ 165 ಪಾಯಿಂಟ್. ಅಕ್ಟೋಬರ್ ಇಡೀ, ಐದು ಮ್ಯಾಚ್, ಅವರ ಅಫೆನ್ಸ್ ಒಂದೂ ಟಚ್‌ಡೌನ್ ಹೊಡೆಯಲಿಲ್ಲ, ಅಂದರೆ ಒಮ್ಮೆಯೂ ಚೆಂಡನ್ನು ಎದುರಿನವರ ಕೊನೆ ಗೆರೆ ದಾಟಿಸಲಿಲ್ಲ. ಆದರೂ ಕಪ್ ಅವರದ್ದೇ. 2013ರಲ್ಲಿ ಡೆನ್ವರ್ 606 ಪಾಯಿಂಟ್ ಹೊಡೆದು ದಾಖಲೆ ಮಾಡಿ ಫೈನಲ್ಲಿಗೆ ಬಂತು. ಸಿಯಾಟಲ್ ಡಿಫೆನ್ಸ್ ಎದುರು ಏನಾಯಿತು? 43-8. ಎರಡು ವರ್ಷ ಬಿಟ್ಟು ಅದೇ ಡೆನ್ವರ್ ಡಿಫೆನ್ಸ್ ಕಟ್ಟಿಕೊಂಡು ಬಂದು ಕಪ್ ಎತ್ತಿತು. ಐದು ನಿಮಿಷದ ಭಾಷಣಕ್ಕೆ ಇದು ಸಾಕು.

ತುಮಕೂರು, ಈಗ ಕ್ಯಾನ್ಸಸ್ ಸಿಟಿ ಕಡೆ:

ಸಾರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಅದು ಹಳೇ ಆಟ. 1978ರಲ್ಲೇ ರೂಲ್ ಬದಲಾಯಿತು. ಐದು ಗಜ ದಾಟಿದ ಮೇಲೆ ಕ್ಯಾಚ್ ಹಿಡಿಯಲು ಓಡುವವನನ್ನು ತಡೆದು ತಳ್ಳುವ ಹಾಗಿಲ್ಲ. ಅದಕ್ಕೆ ನಿಮ್ಮ ಮೆಲ್ ಬ್ಲೌಂಟ್ ಹೆಸರೇ ಬಂತು, ಅಷ್ಟು ಒರಟಾಗಿ ಹಿಡಿಯುತ್ತಿದ್ದ. ಅಲ್ಲಿಂದ ಇದು ಪಾಸ್ ಮಾಡುವವರ ಆಟ. ನಮ್ಮ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಮಹೋಮ್ಸ್ ನೋಡಿ. 2020ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎದುರು 20-10 ಹಿಂದೆ. ಥರ್ಡ್ ಡೌನ್, ಅಂದರೆ ಮೂರನೇ ಯತ್ನ, 15 ಗಜ ಬೇಕು. ಹಿಂದೆ ಹಿಂದೆ ಓಡಿ 44 ಗಜ ಎಸೆದ. ಮ್ಯಾಚ್ ತಿರುಗಿತು, 31-20. ಯಾವ ಡಿಫೆನ್ಸ್ ಅದನ್ನು ಮಾಡುತ್ತದೆ?

ದಾವಣಗೆರೆ, ಈಗ ಪಿಟ್ಸ್‌ಬರ್ಗ್:

ರೂಲ್ ಬದಲಾದ ಮೇಲೂ ನಾವು ಎರಡು ಕಪ್ ಗೆದ್ದೆವು. 1978, 1979. ಗೋಡೆ ಗೋಡೆಯೇ.

ತುಮಕೂರು, ಈಗ ಕ್ಯಾನ್ಸಸ್ ಸಿಟಿ ಕಡೆ:

ಆ ಎರಡು ಫೈನಲ್ಲಿನ ಸ್ಕೋರ್ ಹೇಳಿ ಸಾರ್. 35-31, 31-19. ಎರಡರಲ್ಲೂ ಪಂದ್ಯಶ್ರೇಷ್ಠ ಯಾರು? ಟೆರಿ ಬ್ರಾಡ್‌ಷಾ, ನಿಮ್ಮದೇ ಕ್ವಾರ್ಟರ್‌ಬ್ಯಾಕ್. ಗೋಡೆ 31 ಪಾಯಿಂಟ್ ಬಿಟ್ಟುಕೊಟ್ಟ ದಿನ ನಿಮ್ಮನ್ನು ಉಳಿಸಿದ್ದು ಪಾಸ್.

ಮೈಸೂರು, ಈಗ ನ್ಯೂಜೆರ್ಸಿ:

ಆ ಟೀಮಿನ ಸೆಂಟರ್, ಅಂದರೆ ಮುಂದಿನ ಸಾಲಿನ ನಡುವೆ ನಿಲ್ಲುತ್ತಿದ್ದ ಮೈಕ್ ವೆಬ್‌ಸ್ಟರ್ ಬಗ್ಗೆಯೂ ಹೇಳಿ. ನಾಲ್ಕೂ ಕಪ್ ಗೆದ್ದವನು. 2002ರಲ್ಲಿ 50ನೇ ವಯಸ್ಸಿಗೆ ಹೋದ. ಎನ್‌ಎಫ್‌ಎಲ್ ಆಟಗಾರರಲ್ಲಿ ಸಿಟಿಇ ಮೊದಲು ಪತ್ತೆಯಾಗಿದ್ದು ಅವನ ಮಿದುಳಿನಲ್ಲೇ, ಅದೂ ನಿಮ್ಮ ಊರಿನಲ್ಲೇ. ಇಲ್ಲಿ ಒಬ್ಬ ಅಪ್ಪ ಮಗುವಿನ ಬಗ್ಗೆ ಕೇಳುತ್ತಿದ್ದಾರೆ.

ದಾವಣಗೆರೆ, ಈಗ ಪಿಟ್ಸ್‌ಬರ್ಗ್:

ವೆಬ್‌ಸ್ಟರ್ ದೊಡ್ಡ ಆಟಗಾರ. ಅವನ ವಿಷಯಕ್ಕೆ ಇಡೀ ಊರು ಅತ್ತಿದೆ. ಆದರೆ ಮಗ ಕೇಳಿದ ಪ್ರಶ್ನೆಗೆ ಉತ್ತರ ಡಿಫೆನ್ಸ್.

ಬಾಗಲಕೋಟೆ, ಈಗ ಆಸ್ಟಿನ್:

ಮಗನಿಗೆ ಕನ್ನಡ ಓದಲು ಬರೆಯಲು ಬರುತ್ತದಾ? ಭಾನುವಾರ ಕನ್ನಡ ಕ್ಲಾಸಿಗೆ ಕಳಿಸಿ. ನಮ್ಮ ಇಬ್ಬರೂ ಅಲ್ಲೇ ಬೆಳೆದಿದ್ದು. ಭಾಷೆ ಇದ್ದರೆ ಮಕ್ಕಳು ಮನೆಗೆ ಹತ್ತಿರ ಇರುತ್ತಾರೆ.

ಉಡುಪಿ, ಈಗ ಕೊಲಂಬಸ್ ಹತ್ತಿರ, ಓಹಿಯೊ:

ನನ್ನ ಮಗ ಹೈಸ್ಕೂಲಿನಲ್ಲಿ ಎರಡು ವರ್ಷ ಆಡಿದ. ಹಾಗಾಗಿ ಹೇಳುತ್ತೇನೆ. ಸಹಿ ಹಾಕುವ ಮೊದಲು ಕೋಚ್ ಹತ್ತಿರ ಹೋಗಿ. ಇವಿಷ್ಟು ಕೇಳಿ: ವಾರಕ್ಕೆ ಎಷ್ಟು ದಿನ ಪೂರ್ತಿ ಡಿಕ್ಕಿ ಹೊಡೆಸುತ್ತೀರಿ? ಪ್ರಾಕ್ಟೀಸಿಗೂ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಇರುತ್ತಾರಾ, ಇಲ್ಲ ಬರೀ ಮ್ಯಾಚಿಗಾ? ಪೆಟ್ಟು ಬಿದ್ದರೆ ಹೋಲಿಸಿ ನೋಡಲು ಸೀಸನ್ನಿಗೆ ಮೊದಲೇ ತಲೆಯ ಬೇಸ್‌ಲೈನ್ ಟೆಸ್ಟ್ ಮಾಡಿಸುತ್ತೀರಾ? ಪೆನ್ಸಿಲ್ವೇನಿಯಾದಲ್ಲಿ ಕಾನೂನೇ ಇದೆ, ತಲೆಗೆ ಪೆಟ್ಟು ಬಿದ್ದ ಲಕ್ಷಣ ಕಂಡರೆ ಆಟದಿಂದ ಹೊರಗೆ, ಲಿಖಿತವಾಗಿ ಅನುಮತಿ ಸಿಗುವ ತನಕ ವಾಪಸ್ ಇಲ್ಲ. ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಹಿಡಿದು ಕೇಳಿ. ಕೋಚ್ ಈ ಪ್ರಶ್ನೆಗಳಿಗೆ ಸಿಡುಕಿದರೆ ನಿಮಗೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

ಇನ್ನೊಂದು ದಾರಿ ಫ್ಲ್ಯಾಗ್ ಫುಟ್‌ಬಾಲ್. ಸೊಂಟದ ಪಟ್ಟಿ ಎಳೆದರೆ ಮುಗಿಯಿತು, ಡಿಕ್ಕಿ ಇಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ನಮ್ಮ ಕ್ರಿಕೆಟ್ ಜೊತೆಗೆ ಅದೂ ಇದೆ. ಒಂದು ವರ್ಷ ಅದು ಆಡು, ಆಮೇಲೆ ಕೂತು ಮಾತಾಡೋಣ ಅನ್ನಬಹುದು.

ತುಮಕೂರು, ಈಗ ಕ್ಯಾನ್ಸಸ್ ಸಿಟಿ ಕಡೆ:

2023ರ ಫೈನಲ್ ಭಾನುವಾರ ಮರೆತಿರಾ ಸಾರ್? ಫಿಲಡೆಲ್ಫಿಯಾ ಈಗಲ್ಸ್ ಎದುರು ನಾವು 38-35. ಡಿಫೆನ್ಸ್ ಎಲ್ಲಿತ್ತು ಅವತ್ತು?

ದಾವಣಗೆರೆ, ಈಗ ಪಿಟ್ಸ್‌ಬರ್ಗ್:

ಮರುವರ್ಷ ಕಪ್ ಉಳಿಸಿಕೊಂಡಿದ್ದು ನಿಮ್ಮ ಕೋಚ್ ಸ್ಪಾಗ್ನೋಲೊನ ಡಿಫೆನ್ಸ್. ಆ ಸೀಸನ್ ಪಾಯಿಂಟ್ ಕೊಟ್ಟಿದ್ದರಲ್ಲಿ ಇಡೀ ಲೀಗಿನಲ್ಲಿ ಎರಡನೇ ಅತಿ ಕಡಿಮೆ ನಿಮ್ಮವರದ್ದು. ಅದನ್ನು ಯಾಕೆ ಹೇಳುವುದಿಲ್ಲ?

ಧಾರವಾಡ, ಈಗ ಶಾರ್ಲೆಟ್:

ನಾನು ಬೇಡ ಅಂದಿದ್ದೆ. ಹದಿಮೂರು ವರ್ಷದ ಹಿಂದಿನ ಮಾತು. ಫಾರಂ ಹರಿದು ಕಸದ ಬುಟ್ಟಿಗೆ ಹಾಕಿದೆ. ಅವನು ಅದನ್ನು ಎತ್ತಿ ಟೇಪ್ ಹಚ್ಚಿ ಇಟ್ಟುಕೊಂಡಿದ್ದ, ಮನೆ ಬದಲಿಸುವಾಗ ಅವನ ಪುಸ್ತಕದಲ್ಲಿ ಸಿಕ್ಕಿತು. ಈಗ ಅವನು ಪಶ್ಚಿಮದ ಕಡೆ ಒಳ್ಳೆ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಫೋನ್ ಮಾಡುತ್ತಾನೆ. ಅವನಮ್ಮನ ಜೊತೆ ಅರ್ಧ ಗಂಟೆ, ನನ್ನ ಜೊತೆ ‘ಆರಾಮ ಇದ್ದೀರಾ’ ಅಷ್ಟೇ. ಬೇಡ ಅಂದಿದ್ದು ತಪ್ಪು ಅಂತ ಇವತ್ತಿಗೂ ಅನ್ನಿಸುವುದಿಲ್ಲ. ಹರಿದಿದ್ದು ತಪ್ಪು. ಒಂದು ಮ್ಯಾಚನ್ನಾದರೂ ಅವನ ಜೊತೆ ಕೂತು ನೋಡಬೇಕಿತ್ತು.

ಶಿವಮೊಗ್ಗ, ಈಗ ಬಾಸ್ಟನ್ ಹತ್ತಿರ:

ಮೇಲಿನವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹಾಸನದವರೇ, ನಿಮ್ಮ ಎರಡನೇ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಇಲ್ಲಿನ ಟೀಮ್ ಪೇಟ್ರಿಯಟ್ಸ್ ನೋಡಿದ್ದೇನೆ, ಗೆದ್ದಿದ್ದಕ್ಕಿಂತ ಸೋತಿದ್ದರಿಂದ ಜಾಸ್ತಿ ಕಲಿತೆ.

ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನಿಗೆ ಬೇಕಾಗಿದ್ದು ಎರಡೂವರೆ, ಮೂರು ಸೆಕೆಂಡ್ ಸಮಯ. ಅವನ ಮುಂದೆ ಐದು ಜನ ದಪ್ಪನೆಯ ಕಾವಲುಗಾರರು. ಡಿಫೆನ್ಸಿನಲ್ಲಿ ಒಟ್ಟು ಹನ್ನೊಂದು ಜನ, ಸಾಮಾನ್ಯವಾಗಿ ನಾಲ್ವರು ನುಗ್ಗುತ್ತಾರೆ. ಆ ನಾಲ್ವರಿಂದ ಆಗದಿದ್ದರೆ ಹಿಂದಿನಿಂದ ಇನ್ನೊಬ್ಬರು ಇಬ್ಬರನ್ನು ಕಳಿಸಬೇಕು. ಅದು ಬ್ಲಿಟ್ಜ್. ಕಳಿಸಿದರೆ ಹಿಂದೆ ಜಾಗ ಖಾಲಿ. ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರೇಡಿ, ಮಹೋಮ್ಸ್‌ನಂಥವರಿಗೆ ಆ ಖಾಲಿ ಜಾಗ ಕಣ್ಣಿಗೆ ಬೀಳಲು ಕ್ಷಣ ಸಾಕು. ಬ್ಲಿಟ್ಜ್ ಇಲ್ಲದೆ, ಬರೀ ನಾಲ್ವರೇ ಕಾವಲು ಮುರಿದರೆ? ಆಗ ಹಿಂದೆ ಏಳು ಜನ ಕಾಯುತ್ತಿರುತ್ತಾರೆ. ಎಸೆಯಲು ಜಾಗ ಇಲ್ಲ, ನಿಲ್ಲಲು ಸಮಯ ಇಲ್ಲ.

2007ರ ಸೀಸನ್ನಿನಲ್ಲಿ ನಮ್ಮವರು 18-0. ಪಾಯಿಂಟಿನ ಸುರಿಮಳೆ, 589. ಫೈನಲ್ಲಿನಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಮುಂದಿನ ಸಾಲು ಬ್ರೇಡಿಯನ್ನು ಎಸೆಯುವ ಮೊದಲೇ ಐದು ಸಲ ನೆಲಕ್ಕೆ ಕೆಡವಿತು, ಅದಕ್ಕೆ ಸ್ಯಾಕ್ ಅನ್ನುತ್ತಾರೆ. 17-14ಕ್ಕೆ ಸೋತೆವು. 2018ರ ಫೆಬ್ರವರಿಯಲ್ಲಿ ನಿಮ್ಮ ಈಗಲ್ಸ್ ಎದುರು ಬ್ರೇಡಿ 505 ಗಜ ಎಸೆದ, ಅವತ್ತು ಎರಡೂ ಡಿಫೆನ್ಸ್ ತೂತು ಬಿದ್ದ ಕೊಡ. ಆದರೂ ಇಡೀ ಮ್ಯಾಚಿನಲ್ಲಿ ಒಂದೇ ಒಂದು ಸ್ಯಾಕ್ ಆಯಿತು, ಬ್ರ್ಯಾಂಡನ್ ಗ್ರಹಾಂ ಬ್ರೇಡಿ ಕೈಯಿಂದ ಚೆಂಡು ಬೀಳಿಸಿದ. ಎರಡು ನಿಮಿಷ ಬಾಕಿ ಇತ್ತು. 41-33.

ಮೇಲೆ ಹೇಳಿದ 38-35 ಕೂಡ ಇದಕ್ಕೇ ಸೇರುತ್ತದೆ. ಆ ಸೀಸನ್ ಈಗಲ್ಸ್ ಮಾಡಿದ ಸ್ಯಾಕ್ 70. ಫೈನಲ್ಲಿನಲ್ಲಿ ಮಹೋಮ್ಸ್ ಮೇಲೆ ಸೊನ್ನೆ. ಸೋತರು. 2025ರ ಫೆಬ್ರವರಿಯಲ್ಲಿ ಅದೇ ಎರಡು ಟೀಮ್. ಈಗಲ್ಸ್‌ನ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಒಂದೇ ಒಂದು ಬ್ಲಿಟ್ಜ್ ಕಳಿಸಲಿಲ್ಲ. ಆರು ಸ್ಯಾಕ್. ಅರ್ಧ ಆಟಕ್ಕೆ 24-0, ಕೊನೆಗೆ 40-22. ಹಾಗಾಗಿ ನನ್ನ ಉತ್ತರ ಅಫೆನ್ಸೂ ಅಲ್ಲ, ಡಿಫೆನ್ಸೂ ಅಲ್ಲ. ಎರಡೂ ಕಡೆಯ ಮುಂದಿನ ಸಾಲು. ತಮ್ಮವನಿಗೆ ಸಮಯ ಕೊಟ್ಟು, ಎದುರಿನವನ ಸಮಯ ಕಸಿಯುವ ಟೀಮು ಕಪ್ ಎತ್ತುತ್ತದೆ. ಟಿವಿ ಬರೀ ಚೆಂಡನ್ನು ತೋರಿಸುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಆರ್‌ಸಿಬಿ ನೆನಪು ಮಾಡಿಕೊಳ್ಳಿ. 2016ರಲ್ಲಿ ಕೊಹ್ಲಿ 973 ರನ್, ಜೊತೆಗೆ ಗೇಲ್, ಡಿವಿಲಿಯರ್ಸ್. ಚಿನ್ನಸ್ವಾಮಿಯಲ್ಲೇ ಫೈನಲ್ಲು, 8 ರನ್ನಿಗೆ ಹೋಯಿತು. ಎದುರಿಗೆ ಹೈದರಾಬಾದಿನ ಭುವನೇಶ್ವರ್, ಆ ವರ್ಷ 23 ವಿಕೆಟ್. 2025ರಲ್ಲಿ ಅದೇ ಭುವಿ ನಮ್ಮ ಕಡೆ. 190 ಹೊಡೆದು 6 ರನ್ನಿನಿಂದ ಉಳಿಸಿಕೊಂಡೆವು. ಹದಿನೆಂಟು ವರ್ಷ ಕಾದಿದ್ದೆವು, ಅಲ್ವಾ.

ದಾವಣಗೆರೆ, ಈಗ ಪಿಟ್ಸ್‌ಬರ್ಗ್:

ಮುಂದಿನ ಸಾಲು ಅಂದರೆ ಜೋ ಗ್ರೀನ್. ನಾನು ಮೊದಲಿಂದ ಹೇಳುತ್ತಿರುವುದೂ ಅದೇ.

ತುಮಕೂರು, ಈಗ ಕ್ಯಾನ್ಸಸ್ ಸಿಟಿ ಕಡೆ:

2021ರಲ್ಲಿ ಟ್ಯಾಂಪಾ ಎದುರು 31-9 ಸೋತಾಗ ನಮ್ಮ ಕಾವಲು ಸಾಲಿನ ಎರಡೂ ತುದಿಯ ಟ್ಯಾಕಲ್‌ಗಳು ಗಾಯವಾಗಿ ಹೊರಗಿದ್ದರು. ಮಹೋಮ್ಸ್ ಇಡೀ ರಾತ್ರಿ ಓಡಿದ. ಶಿವಮೊಗ್ಗದವರು ಹೇಳಿದ್ದು ಸರಿ ಇದೆ ಅನ್ನಿಸುತ್ತಿದೆ. ಆದರೂ ಆ 44 ಗಜ ಎಸೆಯಲು ಮಹೋಮ್ಸೇ ಬೇಕು.

ಹಾಸನ, ಈಗ ಫಿಲಡೆಲ್ಫಿಯಾ ಹತ್ತಿರ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಅವನನ್ನು ಕರೆದು ಆ 2025ರ ಫೈನಲ್ ಹಾಕು ಅಂದೆ. ನಂಬಲಿಲ್ಲ. ಹಾಕಿದ. ನಾನು ಚೆಂಡು ನೋಡಲಿಲ್ಲ, ಮುಂದಿನ ಸಾಲು ನೋಡಿದೆ. ‘ನಾಲ್ಕೇ ಜನ ಬರ್ತಿದ್ದಾರಲ್ಲೋ, ಬ್ಲಿಟ್ಜ್ ಇಲ್ವಾ?’ ಅಂದೆ. ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದ. ನನ್ನ ಕಡೆ ತಿರುಗಿ ‘ನಿಮಗೆ ಯಾರು ಹೇಳಿದ್ರು?’ ಅಂದ. ಆಮೇಲೆ ಎದ್ದು ಟಿವಿ ಹತ್ತಿರ ಹೋಗಿ, ಪರದೆಗೆ ಬೆರಳಿಟ್ಟು, ಹಿಂದೆ ಇರುವ ಏಳು ಜನರಲ್ಲಿ ಯಾರ ಕೆಲಸ ಏನು ಅಂತ ಒಬ್ಬೊಬ್ಬರನ್ನೇ ತೋರಿಸಿದ. ಹನ್ನೊಂದೂವರೆ ಆಯಿತು. ಪರದೆ ತುಂಬಾ ಬೆರಳಿನ ಗುರುತು. ಅವನಮ್ಮ ಬಂದು ಬೈಯಲಿಲ್ಲ, ಅವಳೂ ಕೂತಳು.

ಓಹಿಯೊದವರ ಉತ್ತರ ಮಧ್ಯದಲ್ಲಿ ಎಲ್ಲೋ ಹೋಗಿತ್ತು, ಇವತ್ತು ಬೆಳಿಗ್ಗೆ ಮೇಲಕ್ಕೆ ಹೋಗಿ ಹುಡುಕಿ ಓದಿದೆ. ಎಲ್ಲ ಪ್ರಶ್ನೆ ಕಾಗದದಲ್ಲಿ ಬರೆದುಕೊಂಡಿದ್ದೇನೆ. ಒಂದು ಕೇಳಲಾ? ನಿಮ್ಮ ಮಗ ಎರಡೇ ವರ್ಷಕ್ಕೆ ಬಿಟ್ಟಿದ್ದು ಯಾಕೆ?

ಉಡುಪಿ, ಈಗ ಕೊಲಂಬಸ್ ಹತ್ತಿರ, ಓಹಿಯೊ:

ಎರಡನೇ ವರ್ಷ ಒಂದು ಪೆಟ್ಟು ಬಿತ್ತು. ಟ್ರೇನರ್ ಅಲ್ಲೇ ಇದ್ದಳು, ತಕ್ಷಣ ಹೊರಗೆ ಕೂರಿಸಿದಳು. ಮೂರು ವಾರದಲ್ಲಿ ಸರಿಹೋದ. ವಾಪಸ್ ಹೋಗುವುದು ಬಿಡುವುದು ನಿನಗೇ ಬಿಟ್ಟಿದ್ದು ಅಂದೆವು. ಟ್ರ್ಯಾಕ್ ಸೇರಿಕೊಂಡ. ಆ ಟ್ರೇನರ್ ಪ್ರಾಕ್ಟೀಸಿಗೆ ಬಾರದ ದಿನ ಆಗಿದ್ದರೆ ಏನಾಗುತ್ತಿತ್ತೋ ಅಂತ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಅದಕ್ಕೇ ಎರಡನೇ ಪ್ರಶ್ನೆ ಮೊದಲು ಕೇಳಿ.

ಹಾಸನ, ಈಗ ಫಿಲಡೆಲ್ಫಿಯಾ ಹತ್ತಿರ:

ಸರಿ. ನಾಳೆ ನಾಲ್ಕು ಗಂಟೆಗೆ ಕೋಚ್ ಸಿಗುತ್ತಾರಂತೆ. ಮೂವರೂ ಹೋಗುತ್ತಿದ್ದೇವೆ. ಫಾರಂ ತೆಗೆದುಕೊಂಡು ಹೋಗುತ್ತೇನೆ, ಪೆನ್ ಅವನಮ್ಮನ ಬ್ಯಾಗಿನಲ್ಲಿದೆ.