ಸಹಾಯ ಬೇಕು: ಓಸೇಜ್ ಆರೆಂಜ್ ಮರದ ಬಿಲ್ಲು, ಗಂಟಿನ ಸಮಸ್ಯೆ

ನಮಸ್ಕಾರ. ನಾನಿರುವುದು ಒಕ್ಲಹೋಮಾದಲ್ಲಿ. ಇಲ್ಲಿನ ಓಸೇಜ್ ಮೂಲನಿವಾಸಿಗಳು ಬಿಲ್ಲಿಗೆ ಬಳಸುತ್ತಿದ್ದ ಓಸೇಜ್ ಆರೆಂಜ್ ಮರದ ಆರಡಿ ಸೀಳು ಸಿಕ್ಕಿದೆ. ವಿಪರೀತ ಗಟ್ಟಿ ಮರ, ಕತ್ತಿ ಸುಮ್ನೆ ಮೊಂಡಾಗುತ್ತದೆ!

ತೊಗಟೆ, ಅದರ ಕೆಳಗಿನ ಬಿಳಿ ಭಾಗ ಎರಡೂ ತೆಗೆದಾಯಿತು. ಈಗ ಬಿಲ್ಲಿನ ಬೆನ್ನಿನ ಕಡೆ (ಹಿಡಿದಾಗ ಗುರಿಯತ್ತ ಇರುವ ಬದಿ) ತುದಿಯಿಂದ ತುದಿಗೆ ಒಂದೇ ಬೆಳವಣಿಗೆಯ ಉಂಗುರ (ಮರದಲ್ಲಿ ವರ್ಷಕ್ಕೊಂದರಂತೆ ಮೂಡುವ ಪದರ) ಉಳಿಯುವಂತೆ ಕೆರೆಯುತ್ತಿದ್ದೇನೆ. ಉಂಗುರ ತುಂಡಾದ ಕಡೆಯೇ ಬಿಲ್ಲು ಸೀಳುವುದು ಜಾಸ್ತಿ ಅಲ್ವಾ? ಬಿಲ್ಲಿನ ಮೇಲಿನ ತೋಳಿನ (ಹಿಡಿಯಿಂದ ಮೇಲಿನ ಭಾಗ) ನಡುವೆ ಹೆಬ್ಬೆರಳು ಗಾತ್ರದ ಗಂಟಿದೆ. ಅದರ ಸುತ್ತ ಮರ ಸ್ವಲ್ಪ ಉಬ್ಬಾಗಿಯೇ ಬಿಡಬೇಕೇ? ಅಥವಾ ಸಮ ಮಾಡಿ, ಬೆನ್ನಿಗೆ ಜಿಂಕೆಯ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ನಾರು) ಎಳೆಗಳನ್ನು ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟಿನಿಂದ ಅಂಟಿಸಿದರೆ ತಡೆಯುತ್ತದೆಯೇ?

ವಿಡಿಯೋ ಬೇಕಾದಷ್ಟು ನೋಡಿದ್ದೇನೆ. ಕೈಯಾರೆ ಮಾಡಿದವರು ದಯವಿಟ್ಟು ಹೇಳಿ.